ಕುಸಿದ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟಲು ಎಷ್ಟು ವರ್ಷ ಬೇಕು?

ಮೂಲೆಬಾವುಟ (ಪ್ರಶ್ನೆ)

ನಾನು ಹದಿನೈದು ವರ್ಷಗಳಿಂದ ಬೆಂಬಲಿಸುತ್ತ ಬಂದಿರುವ ವೃತ್ತಿಪರ ಫುಟ್‌ಬಾಲ್ ತಂಡ ಕಳೆದ ನಾಲ್ಕು ಋತುಗಳಲ್ಲಿ ಮೂವರು ತರಬೇತುದಾರರನ್ನು ಕಂಡಿದೆ. ಅಂಕಪಟ್ಟಿಯಲ್ಲಿ ಮೊದಲ ಆರರೊಳಗೆ ಇರುತ್ತಿದ್ದ ತಂಡ ಈಗ ಕೆಳಗಿನ ದರ್ಜೆಗೆ ಜಾರದೆ ಉಳಿದರೆ ಸಾಕು ಎನ್ನುವ ಸ್ಥಿತಿಯಲ್ಲಿದೆ. ಬಂದ ಪ್ರತಿಯೊಬ್ಬ ತರಬೇತುದಾರರೂ ಇದು ಮೂರು ವರ್ಷಗಳ ಕೆಲಸವೆಂದು ಹೇಳಿದರು. ಆದರೆ ಯಾರಿಗೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಸಮಯ ಸಿಗಲಿಲ್ಲ. ಈ ಮೂರು ವರ್ಷದ ಲೆಕ್ಕಕ್ಕೆ ಏನಾದರೂ ಆಧಾರವಿದೆಯೇ? ಒಂದೇ ವರ್ಷದಲ್ಲಿ ಎದ್ದು ನಿಂತ ತಂಡಗಳೂ ಇವೆ, ದಶಕ ಕಳೆದರೂ ಏಳದ ತಂಡಗಳೂ ಇವೆ. ಕೆಲಸ ಸರಿಯಾದ ದಾರಿಯಲ್ಲಿ ಸಾಗುತ್ತಿದೆಯೇ ಎಂಬುದನ್ನು ಅಭಿಮಾನಿಗಳಾದ ನಾವು ಯಾವುದರಿಂದ ತಿಳಿಯಬೇಕು?

ಎಡಬದಿಯವನು

ಮೊದಲು ಕೇಳಬೇಕಾದದ್ದು ತಂಡದಲ್ಲಿ ಕೆಟ್ಟಿರುವುದು ಏನು ಎಂಬುದನ್ನು. ಒಂದೇ ವರ್ಷದಲ್ಲಿ ಎದ್ದ ತಂಡಗಳನ್ನು ಹತ್ತಿರದಿಂದ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ನಿಜವಾಗಿ ಕುಸಿದೇ ಇರಲಿಲ್ಲ ಎನ್ನುವುದು ಕಾಣುತ್ತದೆ. ಚೆಲ್ಸಿ 2015-16ರಲ್ಲಿ ಹತ್ತನೆಯ ಸ್ಥಾನಕ್ಕಿಳಿದು ಮರುವರ್ಷವೇ ಇಂಗ್ಲೆಂಡ್‌ನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್ ಗೆದ್ದಿತು, ನಿಜ. ಆದರೆ ಅದೇ ತಂಡ 2014-15ರಲ್ಲೂ ಚಾಂಪಿಯನ್ ಆಗಿತ್ತು. ಜರ್ಮನಿಯ ಲೆವರ್‌ಕುಸೆನ್ ತಂಡವನ್ನು ತರಬೇತುದಾರ ಕ್ಸಾಬಿ ಅಲೊನ್ಸೊ 2022ರ ಅಕ್ಟೋಬರ್‌ನಲ್ಲಿ ವಹಿಸಿಕೊಂಡಾಗ ಅದು ಹದಿನೆಂಟು ತಂಡಗಳಲ್ಲಿ ಹದಿನೇಳನೆಯದಾಗಿತ್ತು. ಆ ಋತುವನ್ನು ಆರನೆಯ ಸ್ಥಾನದಲ್ಲಿ ಮುಗಿಸಿ, ಮುಂದಿನ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಅಲ್ಲಿನ ಅಗ್ರ ಲೀಗ್ ಆದ ಬುಂಡೆಸ್‌ಲೀಗಾ ಗೆದ್ದಿತು. ಆದರೆ ಅಲೊನ್ಸೊ ಬರುವುದಕ್ಕೂ ಹಿಂದಿನ ಋತುವಿನಲ್ಲಿ ಅದು ಮೂರನೆಯ ಸ್ಥಾನದಲ್ಲಿತ್ತು. ವಿರ್ಟ್ಸ್, ಟಾ, ಫ್ರಿಂಪಾಂಗ್ ಮೊದಲೇ ಅಲ್ಲಿದ್ದರು. ಅಂಥ ತಂಡಕ್ಕೆ ಬೇಕಾಗಿದ್ದುದು ಸರಿಯಾದ ಆಟದ ವಿಧಾನ ಮತ್ತು ಷಾಕಾ, ಗ್ರಿಮಾಲ್ಡೊ ಅವರಂಥ ಕೆಲವು ಆಟಗಾರರು ಮಾತ್ರ.

ಆಟಗಾರರ ಬಳಗವೇ ಹಳತಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಯೂರ್ಗನ್ ಕ್ಲಾಪ್ 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್‌ಗೆ ತರಬೇತುದಾರರಾಗಿ ಬಂದರು. ಆ ಋತುವಿನಲ್ಲಿ ತಂಡ ಎಂಟನೆಯದು, ಅನಂತರದ ಎರಡು ಋತುಗಳಲ್ಲಿ ನಾಲ್ಕನೆಯದು. 2019ರಲ್ಲಿ ಯುರೋಪಿನ ಅಗ್ರ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷಗಳ ಬಳಿಕ ಲೀಗ್ ಪ್ರಶಸ್ತಿ. 2019ರ ಫೈನಲ್‌ನಲ್ಲಿ ಪಂದ್ಯ ಆರಂಭಿಸಿದ ಹನ್ನೊಂದು ಮಂದಿಯಲ್ಲಿ ಕ್ಲಾಪ್ ಬಂದಾಗ ಮೊದಲ ತಂಡದಲ್ಲಿದ್ದವರು ಹೆಂಡರ್ಸನ್ ಮತ್ತು ಫಿರ್ಮಿನೊ ಇಬ್ಬರೇ. ಅಲೆಕ್ಸಾಂಡರ್-ಅರ್ನಾಲ್ಡ್ ಕ್ಲಬ್ಬಿನ ಅಕಾಡೆಮಿಯಿಂದ ಬೆಳೆದು ಬಂದವರು. ಉಳಿದ ಎಂಟು ಮಂದಿಯನ್ನು 2016ರಿಂದ 2018ರವರೆಗಿನ ಮೂರು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕರೆತರಲಾಯಿತು. ನಿಮ್ಮ ತರಬೇತುದಾರರು ಹೇಳಿದ ಮೂರು ವರ್ಷಕ್ಕೆ ಆಧಾರ ಹುಡುಕುವುದಾದರೆ ನಾನು ಇದನ್ನೇ ತೋರಿಸುತ್ತೇನೆ. ಒಂದೇ ಬೇಸಿಗೆಯಲ್ಲಿ ಎಂಟು ಮಂದಿಯನ್ನು ತಂದು ನಿಲ್ಲಿಸಿದರೆ ಅವರು ಪರಸ್ಪರರ ಓಟವನ್ನು ಅರಿಯುವಷ್ಟರಲ್ಲಿ ಅರ್ಧ ಋತು ಕೈಬಿಟ್ಟಿರುತ್ತದೆ.

ಜಮಾಖರ್ಚು

ಹಿಂದಿನವರು ಹೇಳಿದ್ದಕ್ಕೆ ಹಣದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅಭಿಮಾನಿಗಳ ಅಸಹನೆಯ ಬಹುಪಾಲು ಇದನ್ನು ಅರಿಯದೆ ಹುಟ್ಟುವಂಥದ್ದು. ಆಟಗಾರನೊಬ್ಬನನ್ನು 5 ಕೋಟಿ ಯೂರೊ ಕೊಟ್ಟು ಐದು ವರ್ಷಗಳ ಒಪ್ಪಂದಕ್ಕೆ ತಂದರೆ, ಲೆಕ್ಕಪತ್ರದಲ್ಲಿ ಆ ಮೊತ್ತ ವರ್ಷಕ್ಕೆ 1 ಕೋಟಿಯಂತೆ ಹಂಚಿಹೋಗುತ್ತದೆ. ಎರಡು ವರ್ಷಗಳ ಬಳಿಕ ಅವನು ಬೇಡವಾದರೆ ಪುಸ್ತಕದಲ್ಲಿ ಇನ್ನೂ 3 ಕೋಟಿ ಉಳಿದಿರುತ್ತದೆ. ಅದಕ್ಕಿಂತ ಕಡಿಮೆಗೆ ಮಾರಿದರೆ ವ್ಯತ್ಯಾಸವೆಲ್ಲ ಆ ವರ್ಷದ ನಷ್ಟವಾಗುತ್ತದೆ. ದೊಡ್ಡ ಸಂಬಳ ಪಡೆಯುವ, ಆಟ ಇಳಿದ ಆಟಗಾರನಿಗೆ ಬೇರೆ ಕ್ಲಬ್ ಅಷ್ಟೇ ಸಂಬಳ ಕೊಡುವುದಿಲ್ಲವಾದ್ದರಿಂದ ಅವನೂ ಹೊರಡಲು ಒಪ್ಪುವುದಿಲ್ಲ. ಹೀಗಾಗಿ ತಪ್ಪು ಖರೀದಿಗಳನ್ನು ತೊಳೆದುಕೊಳ್ಳುವ ವೇಗವನ್ನು ಬಹುಮಟ್ಟಿಗೆ ಹಳೆಯ ಒಪ್ಪಂದಗಳ ಅವಧಿಯೇ ನಿರ್ಧರಿಸುತ್ತದೆ.

ಕ್ಲಬ್ಬಿನ ಹಣಕಾಸೇ ಕುಸಿದರೆ ಮೂರು ವರ್ಷದ ಮಾತೇ ಬರುವುದಿಲ್ಲ. ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿತ್ತು. ಸಾಲದ ಹೊರೆಯಲ್ಲಿ 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ, 2007ರಲ್ಲಿ ಎರಡನೆಯ ದರ್ಜೆಯಿಂದಲೂ ಇಳಿಯಿತು. ಮರಳಿ ಬಂದದ್ದು 2020ರಲ್ಲಿ. ಜರ್ಮನಿಯ ಡಾರ್ಟ್‌ಮುಂಡ್ 2005ರಲ್ಲಿ ದಿವಾಳಿಯ ಅಂಚಿನಿಂದ ಪಾರಾಗಿ, 2008ರಲ್ಲಿ ಹದಿಮೂರನೆಯ ಸ್ಥಾನಕ್ಕಿಳಿದು, ಯುವ ಆಟಗಾರರನ್ನೇ ನಂಬಿ 2011ರಲ್ಲಿ ಲೀಗ್ ಗೆದ್ದಿತು. ಅಷ್ಟು ಕೆಳಗಿನಿಂದ ಆರು ವರ್ಷದಲ್ಲಿ ಎದ್ದದ್ದನ್ನು ನಾನು ಬಹಳ ಬೇಗ ಎಂದೇ ಎಣಿಸುತ್ತೇನೆ.

ಹಳೆಯ ಗ್ಯಾಲರಿ

ಅಂಕಪಟ್ಟಿಯನ್ನು ಮಾತ್ರ ನೋಡಿದರೆ ಮೋಸಹೋಗುವ ಸಾಧ್ಯತೆ ಹೆಚ್ಚು. ಅಲೆಕ್ಸ್ ಫರ್ಗ್ಯುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ತರಬೇತುದಾರರಾಗಿ ಸೇರಿದ ಮೇಲೆ ತಂಡದ ಸ್ಥಾನಗಳು ಕ್ರಮವಾಗಿ ಹನ್ನೊಂದು, ಎರಡು, ಹನ್ನೊಂದು, ಹದಿಮೂರು. ಎರಡನೆಯ ಸ್ಥಾನ ಬಂದಾಗ ಕೆಲಸ ಮುಗಿದಿರಲಿಲ್ಲ, ಹದಿಮೂರನೆಯ ಸ್ಥಾನ ಬಂದಾಗ ಕೆಲಸ ಹಾಳಾಗಿರಲೂ ಇಲ್ಲ. ಲೀಗ್ ಪ್ರಶಸ್ತಿ ಬಂದದ್ದು 1993ರಲ್ಲಿ. ಆರ್ಸೆನಲ್ 2021ರ ಆಗಸ್ಟ್‌ನಲ್ಲಿ ಮೊದಲ ಮೂರು ಪಂದ್ಯಗಳನ್ನು ಒಂದು ಗೋಲನ್ನೂ ಹೊಡೆಯದೆ ಸೋತು ತಳ ಸೇರಿತ್ತು. ಆದರೆ ಆ ಬೇಸಿಗೆಯಲ್ಲಿ ಅದು ಕೊಂಡ ಆರು ಮಂದಿಯೂ ಇಪ್ಪತ್ತಮೂರು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರು. ಒಂದೂವರೆ ವರ್ಷದೊಳಗೆ ತಂಡ ಪ್ರಶಸ್ತಿಯ ಪೈಪೋಟಿಯಲ್ಲಿತ್ತು. ಆ ಖರೀದಿಗಳಲ್ಲಿ ಕಾಣುತ್ತಿದ್ದುದು ಅಂಕಪಟ್ಟಿಯಲ್ಲಿ ಕಾಣುತ್ತಿರಲಿಲ್ಲ.

ತರಬೇತುದಾರರಿಗೆ ಸಮಯ ಕೊಡಿ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಬ್ರೈಟನ್‌ನಿಂದ ಗ್ರಹಾಂ ಪಾಟರ್ 2022ರ ಸೆಪ್ಟೆಂಬರ್‌ನಲ್ಲಿ ಋತುವಿನ ನಡುವೆಯೇ ಹೊರಟರು. ಡಿ ಜೆರ್ಬಿ ಬಂದರು. ತಂಡ ಆರನೆಯ ಸ್ಥಾನ ಪಡೆಯಿತು. ಎಂಥ ಆಟಗಾರ ಬೇಕೆಂಬ ತಿಳಿವಳಿಕೆ ಅಲ್ಲಿ ಕ್ಲಬ್ಬಿನದಾಗಿತ್ತು, ತರಬೇತುದಾರರ ಜೊತೆ ಹೊರಟುಹೋಗಲಿಲ್ಲ.

ಮೂಲೆಬಾವುಟ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತಿನಂತೆ ನಮ್ಮ ತಂಡದ ಪಟ್ಟಿಯನ್ನು ಹಿಡಿದು ಕುಳಿತೆ. ನಿಯಮಿತವಾಗಿ ಆಡುವ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಮೂವತ್ತು ದಾಟಿದವರು. ಅವರಲ್ಲಿ ಐವರ ಒಪ್ಪಂದ ಮುಂದಿನ ಬೇಸಿಗೆಯಲ್ಲಿ ಮುಗಿಯುತ್ತದೆ, ಇಬ್ಬರದು ಅದರ ಮರುವರ್ಷ. ಮೂವರು ತರಬೇತುದಾರರೂ ತಮಗೆ ಬೇಕಾದವರನ್ನು ತರಿಸಿಕೊಂಡಿದ್ದಾರೆ, ಒಬ್ಬರ ಆಯ್ಕೆಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ.

ಎಡಬದಿಯವನು

ಹಾಗಿದ್ದರೆ ನಿಮ್ಮ ಗಡಿಯಾರ ಮುಂದಿನ ಬೇಸಿಗೆಯಲ್ಲಿ ಶುರುವಾಗುತ್ತದೆ. ಆ ಐವರಲ್ಲಿ ಎಷ್ಟು ಮಂದಿಗೆ ಒಪ್ಪಂದ ಮುಂದುವರಿಸುತ್ತಾರೆ, ಅವರ ಜಾಗಕ್ಕೆ ಯಾವ ವಯಸ್ಸಿನವರನ್ನು ತರುತ್ತಾರೆ ಎಂಬುದನ್ನು ಮೊದಲು ನೋಡಿ. ಐವರಿಗೂ ಮತ್ತೆರಡು ವರ್ಷ ಕೊಟ್ಟರೆ ಕೆಲಸ ಅಷ್ಟೇ ವರ್ಷ ಮುಂದಕ್ಕೆ ಹೋಯಿತೆಂದು ತಿಳಿಯಿರಿ. ಇಬ್ಬರು ಅನುಭವಿಗಳನ್ನು ಉಳಿಸಿಕೊಂಡು ಮೂವರು ಕಿರಿಯರನ್ನು ತಂದರೆ, ಮೊದಲ ಋತು ಈಗಿನಷ್ಟೇ ಕಷ್ಟವಾಗಿದ್ದರೂ, ಅದಾದ ಮೇಲಿನ ಎರಡನೆಯ ಋತುವಿನಲ್ಲಿ ನೀವು ಮೇಲಿನ ಅರ್ಧಭಾಗವನ್ನು ನಿರೀಕ್ಷಿಸಬಹುದು.