ಗ್ರೀನ್ ಕಾರ್ಡ್ ಇದ್ದರೆ ಯುರೋಪಿಗೆ ವೀಸಾ ಬೇಡವೇ? ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಮುಲುಂಡ್ ಚಿಕ್ಕಪ್ಪ (ಫಾರ್ವರ್ಡ್ ಆದ ಸಂದೇಶ): ಶುಭ ಸುದ್ದಿ! ಅಮೆರಿಕದ ಗ್ರೀನ್ ಕಾರ್ಡ್ ಹೊಂದಿರುವ ಭಾರತೀಯರು ಇನ್ನು ಮುಂದೆ ಯುರೋಪಿನ 29 ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು. ಎಲ್ಲರಿಗೂ ತಲುಪಿಸಿ.

ಮುಲುಂಡ್ ಚಿಕ್ಕಪ್ಪ: ರಘು ಡಿಸೆಂಬರಿನಲ್ಲಿ ತಂಗಿಯ ಮದುವೆ ಮುಗಿಸಿಕೊಂಡು ನ್ಯೂಜೆರ್ಸಿಗೆ ಮರಳುವಾಗ ಜ್ಯೂರಿಕ್‌ನಲ್ಲಿ ನಾಲ್ಕು ದಿನ ಇದ್ದು ಹೋಗಲಿ. ಟಿಕೆಟ್ ಇವತ್ತೇ ಮಾಡಿಸು ಎಂದು ಅವನಿಗೆ ಹೇಳಿದ್ದೇನೆ.

ನಾನು: ಚಿಕ್ಕಪ್ಪ, ದಯವಿಟ್ಟು ಟಿಕೆಟ್ ನಿಲ್ಲಿಸಲು ಹೇಳಿ. ಈ ಸಂದೇಶ ಸುಳ್ಳು. ಗ್ರೀನ್ ಕಾರ್ಡ್ ಎಂಬುದು ಅಮೆರಿಕದಲ್ಲಿ ನೆಲೆಸಿ ದುಡಿಯಲು, ಹೊರಗೆ ಹೋದವರು ಮತ್ತೆ ಅಲ್ಲಿಗೇ ಮರಳಲು ಆ ದೇಶ ಕೊಟ್ಟ ಅನುಮತಿ, ಅದು ಪೌರತ್ವವಲ್ಲ. ರಘುವಿನ ಪಾಸ್‌ಪೋರ್ಟ್ ಭಾರತದ್ದು. ಅವನು ಮುಂಬೈನ ಅಂಧೇರಿಯಿಂದ ಹೊರಟರೂ ನ್ಯೂಜೆರ್ಸಿಯ ಎಡಿಸನ್‌ನಿಂದ ಹೊರಟರೂ ಸ್ವಿಟ್ಜರ್‌ಲ್ಯಾಂಡಿನ ಗಡಿಯಲ್ಲಿ ಭಾರತೀಯನೇ, ಮತ್ತು ಭಾರತೀಯರಿಗೆ ಅಲ್ಲಿ ಷೆಂಗೆನ್ ವೀಸಾ ಬೇಕು, ಅಂದರೆ ತಮ್ಮೊಳಗೆ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳೆಲ್ಲ ಸೇರಿ ಕೊಡುವ ಒಂದೇ ವೀಸಾ.

ಮುಲುಂಡ್ ಚಿಕ್ಕಪ್ಪ: ಹಾಗಾದರೆ ಹೋದ ವರ್ಷ ಅವನು ವೀಸಾ ಇಲ್ಲದೆ ಟೊರಾಂಟೊಗೆ ಹೋಗಿ ಬಂದದ್ದು ಹೇಗೆ?

ನಾನು: ಅದು ಕೆನಡಾದ ನಿಯಮ. 2022ರ ಏಪ್ರಿಲ್ 26ರಿಂದ ಅಮೆರಿಕದ ಕಾಯಂ ನಿವಾಸಿಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡನ್ನೂ ತೋರಿಸಿದರೆ ಅಲ್ಲಿಗೆ ವೀಸಾ ಬೇಕಾಗಿಲ್ಲ. ಮೆಕ್ಸಿಕೊ ಕೂಡ ಗ್ರೀನ್ ಕಾರ್ಡ್ ಉಳ್ಳವರಿಂದ ವೀಸಾ ಕೇಳುವುದಿಲ್ಲ. ಇವು ಆಯಾ ದೇಶಗಳು ತಾವಾಗಿಯೇ ಕೊಟ್ಟ ರಿಯಾಯಿತಿಗಳು, ಸ್ವಿಟ್ಜರ್‌ಲ್ಯಾಂಡ್ ಕೊಟ್ಟಿಲ್ಲ.

ಪುಣೆ ಅಕ್ಕ: ನಮ್ಮ ಪಕ್ಕದ ಮನೆಯ ಹುಡುಗಿ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಪಾಸ್‌ಪೋರ್ಟ್ ಭಾರತದ್ದೇ. ಪ್ಯಾರಿಸ್, ರೋಮ್ ಎಲ್ಲ ವೀಸಾ ಇಲ್ಲದೆ ಸುತ್ತಿ ಬಂದಳಲ್ಲ?

ನಾನು: ಈ ಸಂದೇಶ ಹುಟ್ಟಿದ್ದೇ ಅಲ್ಲಿಂದ ಇರಬೇಕು, ಅಕ್ಕ. ಒಂದು ಷೆಂಗೆನ್ ದೇಶ ವಾಸದ ಪರವಾನಗಿ ಕೊಟ್ಟಿದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರದಂತೆ ವೀಸಾ ಇಲ್ಲದೆ ಇರಬಹುದು. ಬಲ್ಗೇರಿಯ ಮತ್ತು ರೊಮೇನಿಯ 2025ರ ಜನವರಿ 1ರಂದು ಪೂರ್ತಿಯಾಗಿ ಸೇರಿಕೊಂಡ ಮೇಲೆ ಅಂಥ ದೇಶಗಳು 29. ಯಾರೋ ಸಂಖ್ಯೆಯನ್ನು ಹಾಗೇ ಉಳಿಸಿಕೊಂಡು ಕಾರ್ಡನ್ನು ಬದಲಿಸಿದ್ದಾರೆ. ಅದೇ ಹುಡುಗಿ ಲಂಡನ್ನಿಗೋ ಡಬ್ಲಿನ್ನಿಗೋ ಹೊರಟರೆ ವೀಸಾ ಮಾಡಿಸಲೇಬೇಕು.

ಡೊಂಬಿವಲಿ ಅತ್ತೆ: ರಘು ಪ್ರತಿ ಸಲವೂ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿಯೇ ಬರುತ್ತಾನೆ. ಅವನನ್ನು ಯಾರೂ ತಡೆದಿಲ್ಲವಲ್ಲ.

ನಾನು: ಅತ್ತೆ, ನಿಲ್ದಾಣದ ಅಂತರರಾಷ್ಟ್ರೀಯ ಭಾಗವನ್ನು ಬಿಡದೆ ವಿಮಾನ ಬದಲಿಸುವವರ ಮಾತು ಬೇರೆ. ಗ್ರೀನ್ ಕಾರ್ಡ್ ಇದ್ದವರಿಗೆ ಅಲ್ಲಿನ ಟ್ರಾನ್ಸಿಟ್ ವೀಸಾದಿಂದ ಷೆಂಗೆನ್ ನಿಯಮವೇ ವಿನಾಯಿತಿ ಕೊಟ್ಟಿದೆ. ಆದರೆ ಇಮಿಗ್ರೇಷನ್ ದಾಟಿ ಊರೊಳಗೆ ಕಾಲಿಡಲು ಅದು ಸಾಲದು. ನಿಜವಾಗಿ ರಘು ಜ್ಯೂರಿಕ್‌ವರೆಗೂ ಹೋಗಲಾರ. ಮುಂಬೈನ ಸಹಾರ್ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕುಳಿತವರು ಟಿಕೆಟ್ಟಿನಲ್ಲಿರುವ ನಾಲ್ಕು ದಿನಗಳ ಅಂತರವನ್ನು ನೋಡಿ, ಪಾಸ್‌ಪೋರ್ಟಿನ ಪುಟಗಳನ್ನು ಒಂದೊಂದಾಗಿ ತಿರುವಿ, ವೀಸಾ ಚೀಟಿ ಕಾಣದಿದ್ದರೆ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಏಕೆಂದರೆ ದಾಖಲೆ ಇಲ್ಲದವರನ್ನು ಕರೆದೊಯ್ದರೆ ದಂಡವೂ, ಅವರನ್ನು ವಾಪಸ್ ತರುವ ಹೊಣೆಯೂ ವಿಮಾನ ಕಂಪನಿಯ ತಲೆಗೇ ಬರುತ್ತದೆ. ಮದುವೆಯ ಸಂಭ್ರಮದ ಮಾರನೆಯ ದಿನ ಆ ಹುಡುಗನಿಗೆ ಅಂಥ ಸ್ಥಿತಿ ಬರಬಾರದೆಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಲುಂಡ್ ಚಿಕ್ಕಪ್ಪ: ಬೇಕೇ ಬೇಕೆಂದಾದರೆ ಮುಂಬೈಗೆ ಬಂದ ಮೇಲೆ ಇಲ್ಲೇ ಅರ್ಜಿ ಹಾಕುತ್ತಾನೆ. ಮದುವೆಗೆ ಎರಡು ವಾರ ಮೊದಲೇ ಬರುವವನಿದ್ದಾನೆ.

ನಾನು: ಅದೂ ಕಷ್ಟ, ಚಿಕ್ಕಪ್ಪ. ಕಾನೂನುಬದ್ಧವಾಗಿ ಎಲ್ಲಿ ವಾಸವಾಗಿದ್ದಾರೋ ಆ ದೇಶದಲ್ಲೇ ಅರ್ಜಿ ಹಾಕಬೇಕೆಂಬುದು ನಿಯಮ. ಬೇರೆಡೆ ಹಾಕಬೇಕಾದರೆ ಒಪ್ಪುವಂಥ ಕಾರಣ ತೋರಿಸಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಆಗಬಹುದು. ಅಮೆರಿಕದಲ್ಲಿರುವಾಗಲೇ ಮುಗಿಸಿಕೊಂಡು ಬರುವುದು ಕ್ಷೇಮ. ಷೆಂಗೆನ್ ಬಿಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಪಾಸ್‌ಪೋರ್ಟಿನ ಅವಧಿ ಇದೆಯೇ, ಎರಡು ಖಾಲಿ ಪುಟಗಳಿವೆಯೇ ಎಂದು ಅವನು ಈಗಲೇ ನೋಡಿಕೊಳ್ಳಲಿ. 30,000 ಯೂರೊಗಳ ವೈದ್ಯಕೀಯ ವಿಮೆಯನ್ನೂ ಕೇಳುತ್ತಾರೆ.

ಮುಲುಂಡ್ ಚಿಕ್ಕಪ್ಪ: ಟಿಕೆಟ್ ನಿಲ್ಲಿಸಲು ಹೇಳಿದೆ. ಆದರೂ ಅಮೆರಿಕ ಅಷ್ಟೊಂದು ಜಾಲಾಡಿ ನೋಡಿ ಕಾರ್ಡ್ ಕೊಟ್ಟಿರುವ ಹುಡುಗನನ್ನು ಯುರೋಪಿನವರು ನಾಲ್ಕು ದಿನದ ಮಟ್ಟಿಗೆ ನಂಬಬಾರದೇ?

ನಾನು: ನೀವು ಕೇಳುವುದು ನ್ಯಾಯವೇ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ನಂಬಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಬೇಕು, ಮತ್ತು ಸದ್ಯಕ್ಕೆ ಅವರ ಕಾನೂನು ವೀಸಾ ಕೇಳುತ್ತದೆ. ಈ ಸಂದೇಶವನ್ನು ನೀವು ಕನ್ನಡ ಸಂಘದ ಗುಂಪಿಗೂ ಹಾಕಿದ್ದನ್ನು ನೋಡಿದೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಅಲ್ಲಿ ಬಹಳ. ಯಾರಾದರೂ ನಂಬಿ ಟಿಕೆಟ್ ಮಾಡಿಸುವ ಮೊದಲೇ ಅಳಿಸಿಬಿಡಿ, ಚಿಕ್ಕಪ್ಪ.