ಪಿಯು ಕಾಲೇಜಿನಲ್ಲಿ ಕೌನ್ಸೆಲರೇ ಇಲ್ಲ, ಅಮೆರಿಕಕ್ಕೆ ಅರ್ಜಿ ಹಾಕೋದು ಹೇಗೆ?

ಪಿಸಿಎಂಸಿ ಹುಡುಗಿ, ರಾಜಾಜಿನಗರ:
ಮಲ್ಲೇಶ್ವರದಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೇನೆ. ಡಿಗ್ರಿ ಅಮೆರಿಕದಲ್ಲಿ ಮಾಡುವ ಆಸೆ. ಕಾಮನ್ ಆ್ಯಪ್ (ಅಲ್ಲಿನ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟ್) ತೆರೆದರೆ ಕೌನ್ಸೆಲರ್, ಅಂದರೆ ಅರ್ಜಿಗೆ ನೆರವಾಗುವ ಕಾಲೇಜಿನವರ ಹೆಸರು ಕೇಳುತ್ತದೆ. ನಮ್ಮ ಕಾಲೇಜಿನಲ್ಲಿ ಅಂಥವರು ಯಾರೂ ಇಲ್ಲ. ಆಫೀಸಿನಲ್ಲಿ ವಿಚಾರಿಸಿದರೆ "ಟಿಸಿ ಬೇಕೇನಮ್ಮ?" ಅಂತಾರೆ. ಒಂಬತ್ತನೇ ಕ್ಲಾಸಿನ ಅಂಕಗಳೂ ಬೇಕಂತೆ. ಅದು ಕಾಲೇಜಿನವರ ಹತ್ತಿರ ಎಲ್ಲಿರುತ್ತದೆ? ಒಬ್ಬ ಕನ್ಸಲ್ಟೆಂಟ್ ಲಕ್ಷದ ಮೇಲೆ ಕೇಳಿದರು. ಅಪ್ಪ ಸುಮ್ನೆ ಸಿಇಟಿ ಬರಿ ಅಂತಿದ್ದಾರೆ.

ಬಸವನಗುಡಿ ಅಕ್ಕ:
ಪುಟ್ಟಿ, ಇಷ್ಟಕ್ಕೆಲ್ಲ ಲಕ್ಷ ಕೊಡಬೇಡ. ಕೌನ್ಸೆಲರ್ ಜಾಗದಲ್ಲಿ ಪ್ರಿನ್ಸಿಪಾಲರ ಹೆಸರು ಹಾಕು, ನಡೆಯುತ್ತದೆ. ನಾನೂ ಹಾಗೇ ಹೋಗಿದ್ದು. ಆದರೆ ಅವರು ದಿನಾ ನೋಡುವ ಇಮೇಲನ್ನೇ ಕೊಡು. ಅದಕ್ಕೆ ಲಿಂಕ್ ಬರುತ್ತದೆ, ಸ್ಕೂಲ್ ರಿಪೋರ್ಟ್ (ನಿನ್ನ ಬಗ್ಗೆ, ಕಾಲೇಜಿನ ಬಗ್ಗೆ ಕೇಳುವ ಫಾರಂ) ತುಂಬಿ ಅಂಕಪಟ್ಟಿ ಹಾಕಬೇಕಾದವರು ಅವರೇ. ನಮ್ಮ ಪ್ರಿನ್ಸಿಪಾಲರು ಅದು ಯಾವುದೋ ಮೋಸದ ಮೇಲ್ ಅಂತ ಮುಟ್ಟಿರಲೇ ಇಲ್ಲ! ಕೊನೆಗೆ ಕ್ಲರ್ಕ್ ಪಕ್ಕ ಕೂತು ಒಂದೊಂದೇ ಕಾಲಂ ತುಂಬಿಸಿದೆ.

ಒಂಬತ್ತನೇ ಕ್ಲಾಸಿನದಕ್ಕೆ ಹಳೇ ಹೈಸ್ಕೂಲಿಗೇ ಹೋಗಬೇಕು. ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಅಂಕಪಟ್ಟಿ, ಸೀಲು, ಹೆಡ್‌ಮಾಸ್ಟರ ಸಹಿ. ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು ಮಾರ್ಕ್ಸ್ ಕಾರ್ಡ್ ಜೊತೆ ಸೇರಿಸಿ ಒಂದೇ ಪಿಡಿಎಫ್ ಮಾಡಿ ಪ್ರಿನ್ಸಿಪಾಲರಿಗೆ ಕೊಡು.

ಶಿಫಾರಸು ಪತ್ರಕ್ಕೆ ಎಚ್‌ಒಡಿ ಹಿಂದೆ ಬೀಳಬೇಡ. ಅವರು ಎಲ್ಲರಿಗೂ "ಸಿನ್ಸಿಯರ್, ಒಬೀಡಿಯೆಂಟ್" ಅಂತ ಒಂದೇ ಪತ್ರ ಬರೆಯುತ್ತಾರೆ. ಅಷ್ಟು ದೊಡ್ಡ ಸೆಕ್ಷನ್‌ನಲ್ಲಿ ನಿನ್ನ ಹೆಸರು ಗೊತ್ತಿರುವ ಲೆಕ್ಚರರ್ ಒಬ್ಬರಾದರೂ ಇರುತ್ತಾರಲ್ವಾ? ಅವರನ್ನು ಕೇಳು.

ವಿಜಯನಗರದ ಅಪ್ಪ:
ದುಡ್ಡಿನ ಮಾತು ಮೊದಲೇ ಆಗಲಮ್ಮ. ಫೈನಾನ್ಷಿಯಲ್ ಏಡ್ (ಫೀಸಿಗೆ ಕಾಲೇಜು ಕೊಡುವ ಹಣದ ನೆರವು) ಕೇಳಿದರೆ ಬಹಳಷ್ಟು ಕಡೆ ಹೊರದೇಶದ ಮಕ್ಕಳಿಗೆ ಸೀಟು ಸಿಗುವುದು ಕಷ್ಟವಾಗುತ್ತದೆ. ಹಾರ್ವರ್ಡ್, ಎಂಐಟಿ, ಆಮ್ಹರ್ಸ್ಟ್ ಥರದ ಕೆಲವೇ ಕಡೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಪೈಪೋಟಿ ಎಷ್ಟು ಅಂತ ನಾನು ಹೇಳಬೇಕಿಲ್ಲ. ಏಡ್‌ಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಆನ್‌ಲೈನ್ ಫಾರಂ ಕೇಳುವ ಕಡೆ ಮನೆಯ ಆದಾಯದ ವಿವರ ಪೂರ್ತಿ ತುಂಬಬೇಕು. ಅಪ್ಪನ ಐಟಿ ರಿಟರ್ನ್ಸ್ ಇದ್ದರೆ ಕೈಯಲ್ಲಿಟ್ಟುಕೊ. ಅವರನ್ನು ಈಗಲೇ ಕೂರಿಸಿಕೊಂಡು ಮಾತಾಡು. ಸಿಇಟಿನೂ ಬರಿ, ನಷ್ಟವೇನಿಲ್ಲ.

ಪಿಸಿಎಂಸಿ ಹುಡುಗಿ, ರಾಜಾಜಿನಗರ:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಅಂಕಲ್. ಅಪ್ಪನ ಹತ್ತಿರ ಇವತ್ತೇ ಮಾತಾಡುತ್ತೇನೆ. ನವೆಂಬರ್ 1ರ ಅರ್ಲಿ ಅರ್ಜಿಗೆ (ಮೊದಲ ಸುತ್ತಿಗೆ) ಇದೆಲ್ಲ ಆಗುತ್ತಾ?

ಬಸವನಗುಡಿ ಅಕ್ಕ:
ಕಷ್ಟ. ಬಹಳ ಕಡೆ ರೆಗ್ಯುಲರ್ ಸುತ್ತಿಗೆ ಜನವರಿ ಮೊದಲ ವಾರದವರೆಗೆ ಟೈಮ್ ಇರುತ್ತದೆ, ಅದಕ್ಕೇ ಹಾಕು. ಹೈಸ್ಕೂಲಿಗೆ ಮಾತ್ರ ದಸರಾ ರಜೆಗೆ ಮುಂಚೆ ಹೋಗಿ ಬಾ. ಆಮೇಲೆ ಅಲ್ಲಿ ಸೀಲು ಹಾಕುವವರೂ ಸಿಗುವುದಿಲ್ಲ.