ಅಜ್ಜಿಯ ಕಾಶಿ ಸೀರೆಯ ಒಳಮೈ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ಗುಂಪಿನಲ್ಲಿ ಬಂದ ಸಂದೇಶಗಳನ್ನು ಈಗ ಕುಳಿತು ಒಂದೂ ಬಿಡದೆ ಓದಿದೆ. ಅಜ್ಜಿಯ ಸೀರೆ ನಮ್ಮ ಮನೆಯಲ್ಲಿರುವುದರಿಂದ ಉತ್ತರ ಕೊಡಬೇಕಾದವಳೂ ನಾನೇ.

ಚಿಕ್ಕಮ್ಮ ಕಳಿಸಿದ ಫಾರ್ವರ್ಡ್‌ನಲ್ಲಿದ್ದದ್ದು ಇಷ್ಟು: ಬನಾರಸಿ ಸೀರೆಯನ್ನು ಮಗುಚಿ ನೋಡಿದಾಗ ಹೂವಿನ ಹಿಂದೆ ಕತ್ತರಿಸಿದ ಎಳೆಗಳು ಕಂಡರೆ ಅದು ಕೈಮಗ್ಗದ್ದಲ್ಲ, ನಕಲಿ. ಕಳೆದ ತಿಂಗಳ ನಾಮಕರಣದಲ್ಲಿ ಅಮ್ಮ ಉಟ್ಟಿದ್ದ ಅಜ್ಜಿಯ ಈ ಸೀರೆಯ ಸೆರಗಿನೊಳಗೆ ಅಂಥ ಎಳೆಗಳನ್ನು ಕಂಡೆನೆಂದೂ ಅವರು ಬರೆದರು. ಅಲ್ಲಿಂದ ಮಾತು ಅಜ್ಜಿಯ ಟ್ರಂಕಿನ ಬೀಗದ ಕೈ ಯಾರ ಬಳಿ ಇತ್ತು ಎಂಬಲ್ಲಿಗೆ ಹೊರಳಿತು. ಹಿರಿಯರ ವಸ್ತುವನ್ನು ಒರೆಗೆ ಹಚ್ಚಬಾರದೆಂದು ದೊಡ್ಡ ಮಾವ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಅಸಲಿ ಸೀರೆಯನ್ನು ಯಾರೋ ಬದಲಿಸಿದ್ದಾರೆ ಎಂಬ ಮಾತು ಬಂದ ಮೇಲೆ ಅಮ್ಮ ರಾತ್ರಿ ಊಟ ಮಾಡಲಿಲ್ಲ. ಅದಕ್ಕಾಗಿ ಬೆಳಿಗ್ಗೆ ಸೀರೆಯನ್ನು ಚಾಪೆಯ ಮೇಲೆ ಹರವಿ ನೋಡಿದೆ.

ಚಿಕ್ಕಮ್ಮ ಕಂಡದ್ದು ನಿಜ, ಎಳೆಗಳಿವೆ. ಆದರೆ ಫಾರ್ವರ್ಡ್ ಹೇಳುವುದು ತಪ್ಪು. ಬನಾರಸಿನ ಕೈಮಗ್ಗದಲ್ಲಿ ಹೂವು ನೇಯುವ ಕ್ರಮ ಒಂದೇ ಅಲ್ಲ. ಕಢುವಾ ಎಂಬುದರಲ್ಲಿ ಒಂದೊಂದು ಬುಟ್ಟಾಕ್ಕೂ, ಎಂದರೆ ಬಿಡಿ ಹೂವಿಗೂ, ನೂಲು ಸುತ್ತಿದ ಬೇರೆಯೇ ಪುಟ್ಟ ಕಂಡಿಕೆ ಇಟ್ಟುಕೊಂಡು, ಹೂವಿನ ಅಗಲದಷ್ಟೇ ಎಳೆಯನ್ನು ಹಾಯಿಸಿ ಮರಳಿ ತರುತ್ತಾರೆ, ಹೀಗಾಗಿ ಎರಡು ಹೂಗಳ ನಡುವೆ ಹಿಂಬದಿಯಲ್ಲಿ ಏನೂ ಉಳಿಯದು. ಫೇಕುವಾದಲ್ಲಿ ಜರಿಯ ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುತ್ತದೆ, ಹೂವಿಲ್ಲದ ಕಡೆ ಎಳೆ ಹಿಂದೆ ಸಡಿಲವಾಗಿ ಉಳಿಯುತ್ತದೆ, ನೇಯ್ದಾದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಎರಡೂ ಕೈಮಗ್ಗದವೇ, ಕಢುವಾಕ್ಕೆ ಹೆಚ್ಚು ದಿನ ಹಿಡಿಯುವುದರಿಂದ ಬೆಲೆಯೂ ಹೆಚ್ಚು. ವಿದ್ಯುತ್ ಮಗ್ಗದ ಸೀರೆಯ ಹಿಂದೆಯೂ ಇಂಥ ತುಂಡೆಳೆಗಳಿರಬಹುದು. ಆದ್ದರಿಂದ ಅದೊಂದನ್ನೇ ನೋಡಿ ಕೈಮಗ್ಗದ್ದು ಎಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು.

ಅಣ್ಣ ಸಿಲ್ಕ್ ಮಾರ್ಕ್ ಚೀಟಿಯ ಫೋಟೋ ಕೇಳಿದ್ದಾನೆ. ಅಜ್ಜ ಅಜ್ಜಿ ಕಾಶಿಗೆ ಹೋಗಿ ಈ ಸೀರೆ ತಂದದ್ದು 1976ರಲ್ಲಿ. ಸಿಲ್ಕ್ ಮಾರ್ಕ್ ಬಂದದ್ದು 2004ರಲ್ಲಿ, ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ, ಬನಾರಸಿ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದ್ದು 2009ರಲ್ಲಿ. ಮೇಲಾಗಿ ಸಿಲ್ಕ್ ಮಾರ್ಕ್ ರೇಷ್ಮೆ ಶುದ್ಧವೆಂದು ಹೇಳುತ್ತದೆಯೇ ಹೊರತು ಕೈಯಲ್ಲಿ ನೇಯ್ದದ್ದೆಂದು ಹೇಳುವುದಿಲ್ಲ. ಅಣ್ಣನ ಮಾತಿನಂತೆ ಸುಟ್ಟೂ ನೋಡಿದೆ. ಸೀರೆಯ ತುದಿಯಲ್ಲಿ ಬಿಚ್ಚಿಕೊಂಡಿದ್ದ ಹಾಸಿನ (ಉದ್ದುದ್ದದ ನೂಲಿನ) ಒಂದೆಳೆಯನ್ನು ದೀಪಕ್ಕೆ ಹಿಡಿದಾಗ ಕೂದಲು ಸುಟ್ಟ ವಾಸನೆ ಬಂತು, ಉಳಿದ ಕರಿ ಬೆರಳಲ್ಲಿ ತಿಕ್ಕಿದೊಡನೆ ಪುಡಿಯಾಯಿತು. ರೇಷ್ಮೆ ಹೌದು ಎಂಬುದಕ್ಕೆ ಅಷ್ಟು ಸಾಕು.

ಅಕ್ಕ ರೈಲಿನ ಬುತ್ತಿಯ ನೆನಪು, ಗಂಗೆಯ ತಂಬಿಗೆಯ ನೆನಪು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಆಗ ಒಮ್ಮೆ ನಕ್ಕರು. ನಮ್ಮ ನಾಡಿನ ಸೀರೆ ಬಿಟ್ಟು ಅಷ್ಟು ದೂರ ಹೋಗಿ ತಂದದ್ದೇಕೆ ಎಂದು ಕೇಳಿದವರಿಗೆ ಒಂದು ಮಾತು: ಕಾಶಿಯ ಮಗ್ಗಗಳಿಗೆ ಕರ್ನಾಟಕದ ರೇಷ್ಮೆ ನೂಲೂ ಹೋಗುತ್ತದೆ.

ಇನ್ನು ಸೀರೆ ಬದಲಾಗಿದೆಯೇ ಎಂಬ ಪ್ರಶ್ನೆ. ಸೆರಗಿನ ಆರನೆಯ ಸಾಲಿನ ಹೂಗಳು ಮಿಕ್ಕವಕ್ಕಿಂತ ಒಂದು ಕೂದಲೆಳೆಯಷ್ಟು ಕುಳ್ಳು. ಅಲ್ಲಿ ನೇಯ್ದ ಎಳೆಯನ್ನು ಒತ್ತಿ ಕೂರಿಸುವ ಹಣಿಗೆಯ ಪೆಟ್ಟು ತುಸು ಬಲವಾಗಿ ಬಿದ್ದಿರಬೇಕು. ಅಜ್ಜಿ ಅದನ್ನು ತೋರಿಸುತ್ತಿದ್ದದ್ದು ನನಗೆ ನೆನಪಿದೆ, ಆದರೆ ನನ್ನ ನೆನಪನ್ನು ನೀವು ನಂಬಬೇಕಿಲ್ಲ. ಚಿಕ್ಕಮ್ಮ, ಅಂಚಿನ ಪಕ್ಕದಲ್ಲಿ, ಸತ್ಯನಾರಾಯಣ ಪೂಜೆಯ ದಿನ ದೀಪ ತಾಗಿದ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಗಿಳಿಹಸಿರು ದಾರದಲ್ಲಿ ರಫು ಹಾಕಿದ್ದೀರಿ. ಸೀರೆಯ ಬಣ್ಣ ಎಲೆಹಸಿರು. ಅದೇ ಬಣ್ಣದ ದಾರ ಸಿಗಲಿಲ್ಲವೆಂದು ಆ ದಿನ ನೀವು ಅತ್ತಿದ್ದಿರಂತೆ. ಫೋಟೋ ಕೆಳಗಿದೆ. ದೊಡ್ಡದು ಮಾಡಿ ನೋಡಿ, ಹೊಲಿಗೆ ನಿಮ್ಮದೇ ಆಗಿದ್ದರೆ ಅಮ್ಮನಿಗೆ ಒಂದು ಫೋನ್ ಮಾಡಿ.